ಒಡೆಯನಿಲ್ಲದ ಆಕಾಶಕ್ಕೆ ಕಟ್ಟಳೆ: ಮಾಂಟ್ರಿಯಲ್ ಒಡಂಬಡಿಕೆಯ ಸ್ವರೂಪ

೧

ದಂಡವನ್ನು ಹಿಡಿದ ಅರಸನಿಲ್ಲದ ಕಡೆ ಮಾತ್ಸ್ಯನ್ಯಾಯವು ತಲೆದೋರುವುದೆಂದೂ, ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ ಬಲಿಷ್ಠನು ದುರ್ಬಲನನ್ನು ನುಂಗುವನೆಂದೂ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಹೇಳಿದ್ದಾನೆ. ಒಂದು ರಾಜ್ಯದೊಳಗಿನ ಪ್ರಜೆಗಳ ವಿಷಯದಲ್ಲಿ ಈ ಮಾತನ್ನು ಒಪ್ಪುವುದು ಕಷ್ಟವಲ್ಲ. ಆದರೆ ರಾಜ್ಯಗಳೇ ಪ್ರಜೆಗಳ ಸ್ಥಾನದಲ್ಲಿ ನಿಂತಿರುವ ಅಂತರರಾಷ್ಟ್ರೀಯ ಜಗತ್ತಿನಲ್ಲಿ ದಂಡವನ್ನು ಹಿಡಿಯತಕ್ಕವರು ಯಾರು? ವಿಶ್ವಸಂಸ್ಥೆಯು ರಾಷ್ಟ್ರಗಳ ಸಭೆಯೇ ಹೊರತು ರಾಷ್ಟ್ರಗಳ ಮೇಲಿನ ಸರಕಾರವಲ್ಲ. ತಾನು ಒಪ್ಪದ ಒಡಂಬಡಿಕೆಗೆ ಯಾವ ರಾಷ್ಟ್ರವೂ ಸಾಮಾನ್ಯವಾಗಿ ಬದ್ಧವಾಗುವುದಿಲ್ಲ. ಒಪ್ಪಿದ ಮೇಲೂ ಹಿಂದೆಗೆಯುವ ಹಾದಿ ಅನೇಕ ವೇಳೆ ತೆರೆದೇ ಇರುತ್ತದೆ.

ಊರ ಕೆರೆಯ ನೀರನ್ನು ಹಂಚುವಲ್ಲಿ ಈ ತೊಡಕು ಅಷ್ಟಾಗಿ ಕಾಣುವುದಿಲ್ಲ. ಕೆರೆಗೆ ಏರಿಯಿದೆ, ತೂಬಿದೆ, ಸರದಿಯಂತೆ ನೀರು ಬಿಡುವ ನೀರುಗಂಟಿಯಿದ್ದಾನೆ. ರಾತ್ರಿ ಕದ್ದು ತೂಬೆತ್ತಿದವನ ಗದ್ದೆ ಯಾವುದೆಂಬುದು ಬೆಳಗಾಗುವುದರೊಳಗೆ ಊರಿಗೆಲ್ಲ ತಿಳಿಯುತ್ತದೆ. ವಾಯುಮಂಡಲಕ್ಕಾದರೋ ಏರಿಯೂ ಇಲ್ಲ, ತೂಬೂ ಇಲ್ಲ. ಒಂದು ದೇಶದ ಕಾರ್ಖಾನೆಯಿಂದ ಹೊರಟ ದೀರ್ಘಾಯುವಾದ ಅನಿಲವು ಒಂದೆರಡು ವರ್ಷಗಳಲ್ಲಿ ಭೂಗೋಳವನ್ನೆಲ್ಲ ವ್ಯಾಪಿಸುತ್ತದೆ. ಲಾಭವು ಒಬ್ಬರದು, ನಷ್ಟವು ಸರ್ವರದು.

ಇಂತಹ ಒಡೆಯನಿಲ್ಲದ ಸೊತ್ತನ್ನು ಕಾಪಾಡಲು ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಗಳು ಹಲವು. ಅವುಗಳಲ್ಲಿ ಕಣ್ಣಿಗೆ ಕಾಣುವಂತಹ ಫಲವನ್ನು ನೀಡಿದುದು ಓಝೋನ್ ಪದರದ ರಕ್ಷಣೆಗಾಗಿ ೧೯೮೭ರಲ್ಲಿ ಏರ್ಪಟ್ಟ ಮಾಂಟ್ರಿಯಲ್ ಒಡಂಬಡಿಕೆ. ಅದರ ಮೊದಲ ಕರಡು ದುರ್ಬಲವಾಗಿದ್ದಿತು. ರೋಗಕ್ಕೆ ಬೇಕಾದ ಮದ್ದಿನಲ್ಲಿ ಅರ್ಧವನ್ನು ಮಾತ್ರ ಅದು ವಿಧಿಸಿತ್ತು. ಹಾಗಿದ್ದೂ ಅದು ಗೆದ್ದುದಕ್ಕೆ ಕಾರಣ, ತನ್ನನ್ನು ತಾನು ತಿದ್ದಿಕೊಳ್ಳುವ ಏರ್ಪಾಡನ್ನೂ, ಹೊರೆಯನ್ನು ನ್ಯಾಯವಾಗಿ ಹಂಚುವ ಏರ್ಪಾಡನ್ನೂ ಅದು ತನ್ನೊಳಗೇ ಇರಿಸಿಕೊಂಡುದು. ಈ ಸಂಗತಿಯನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಯುಕ್ತ.

೨

ಓಝೋನ್ ಎಂಬುದು ಆಮ್ಲಜನಕದ ಮೂರು ಪರಮಾಣುಗಳು ಕೂಡಿ ಆದ ಅನಿಲ. ನೆಲದ ಬಳಿ ಅದು ಉಸಿರಾಟಕ್ಕೆ ಹಾನಿಕರ. ನೆಲದಿಂದ ಸುಮಾರು ೧೫ರಿಂದ ೩೫ ಕಿಲೋಮೀಟರು ಎತ್ತರದ ಸ್ತರಮಂಡಲದಲ್ಲಿ ಅದೇ ಜೀವರಕ್ಷಕ. ಸೂರ್ಯನಿಂದ ಬರುವ ಅತಿನೇರಳೆ ಕಿರಣಗಳಲ್ಲಿ ಜೀವಕೋಶಗಳಿಗೆ ಕೇಡು ತರುವ ಬಹುಭಾಗವನ್ನು ಅದು ಅಲ್ಲಿಯೇ ತಡೆಯುತ್ತದೆ. ಈ ತಡೆಯು ಸಡಿಲವಾದರೆ ಚರ್ಮದ ಕ್ಯಾನ್ಸರ್ ಮತ್ತು ಕಣ್ಣಿನ ಪೊರೆ ಹೆಚ್ಚುತ್ತವೆ. ಪೈರುಗಳಿಗೂ ಸಮುದ್ರದ ಸೂಕ್ಷ್ಮಜೀವಿಗಳಿಗೂ ಅಪಾಯವುಂಟು. ಇಷ್ಟೊಂದು ಮಹತ್ವದ ಕವಚವು ಎಷ್ಟು ತೆಳುವೆಂದರೆ, ವಾಯುಮಂಡಲದ ಓಝೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೂ ಉಷ್ಣತೆಗೂ ತಂದು ಹರಡಿದಲ್ಲಿ ಅದರ ದಪ್ಪವು ಸುಮಾರು ೩ ಮಿಲಿಮೀಟರು ಮಾತ್ರ. ೧೯೨೦ರ ದಶಕದಲ್ಲಿ ಆಕ್ಸ್‌ಫರ್ಡಿನ ಡಾಬ್ಸನ್ನರು ಇದನ್ನು ಅಳೆಯುವ ಉಪಕರಣವನ್ನು ನಿರ್ಮಿಸಿದರು. ಭಾರತದಲ್ಲಿ ಈ ಅಧ್ಯಯನವನ್ನು ಬೆಳೆಸಿದವರಲ್ಲಿ ಪ್ರಮುಖರು ಅಹಮದಾಬಾದಿನ ಭೌತಿಕ ಸಂಶೋಧನಾಲಯದ ಪ್ರಥಮ ನಿರ್ದೇಶಕರಾದ ಕೆ. ಆರ್. ರಾಮನಾಥನ್ನರು.

ಕವಚಕ್ಕೆ ಕೇಡು ತಂದ ವಸ್ತುವು ಹುಟ್ಟಿದುದು ಒಳ್ಳೆಯ ಉದ್ದೇಶದಿಂದಲೇ. ಮೊದಲಿನ ರೆಫ್ರಿಜರೇಟರುಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡ್ ಮೊದಲಾದ ಅನಿಲಗಳನ್ನು ಬಳಸುತ್ತಿದ್ದರು. ಅವು ಸೋರಿದರೆ ಮನೆಮಂದಿಗೆ ಅಪಾಯ. ಇದನ್ನು ನಿವಾರಿಸಲು ಅಮೆರಿಕದ ಥಾಮಸ್ ಮಿಜ್ಲಿಯವರು ೧೯೨೮ರಲ್ಲಿ ಕ್ಲೋರೋಫ್ಲೂರೋಕಾರ್ಬನ್ ವರ್ಗದ ಸಂಯುಕ್ತಗಳನ್ನು ಆರಿಸಿದರು. ೧೯೩೦ರಲ್ಲಿ ರಸಾಯನವಿಜ್ಞಾನಿಗಳ ಸಭೆಯೊಂದರಲ್ಲಿ ಅವರು ಈ ಅನಿಲವನ್ನು ತಾವೇ ಎದೆ ತುಂಬ ಎಳೆದುಕೊಂಡು, ಅದನ್ನು ಹೊರಗೆ ಊದಿ ಉರಿಯುತ್ತಿದ್ದ ಮೇಣದ ಬತ್ತಿಯನ್ನು ನಂದಿಸಿದರು. ವಿಷವಲ್ಲ, ಉರಿಯುವುದೂ ಇಲ್ಲ ಎಂಬುದು ಒಂದೇ ಉಸಿರಿನಲ್ಲಿ ಸಿದ್ಧವಾಯಿತು. ಮುಂದಿನ ನಾಲ್ಕು ದಶಕಗಳಲ್ಲಿ ಈ ಅನಿಲಗಳು ಶೀತಲಯಂತ್ರಗಳಲ್ಲಿ, ಪರಿಮಳ ಚಿಮುಕಿಸುವ ಡಬ್ಬಿಗಳಲ್ಲಿ, ಮೆತ್ತೆಯ ನೊರೆಯಲ್ಲಿ, ವಿದ್ಯುದುಪಕರಣಗಳನ್ನು ತೊಳೆಯುವಲ್ಲಿ ಎಲ್ಲೆಡೆಯೂ ಸೇರಿಕೊಂಡವು.

ಯಾವುದರೊಡನೆಯೂ ಸುಲಭವಾಗಿ ಕೂಡದ ಗುಣವೇ ಇವುಗಳ ದೋಷವಾಯಿತು. ಕೆಳಗಿನ ಗಾಳಿಯಲ್ಲಿ ನಾಶವಾಗದ ಅವು ೫೦ರಿಂದ ೧೦೦ ವರ್ಷಗಳವರೆಗೆ ಬಾಳಿ ಮೇಲಕ್ಕೇರುತ್ತವೆ. ಕ್ಯಾಲಿಫೋರ್ನಿಯದ ಶೆರ್ವುಡ್ ರೋಲೆಂಡ್ ಮತ್ತು ಮಾರಿಯೋ ಮೊಲಿನಾ ಎಂಬ ವಿಜ್ಞಾನಿಗಳು ೧೯೭೪ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸ್ತರಮಂಡಲದ ಪ್ರಖರ ಬೆಳಕಿಗೆ ಸಿಕ್ಕಿ ಈ ಅಣುಗಳು ಒಡೆದು ಕ್ಲೋರಿನ್ನನ್ನು ಬಿಡುತ್ತವೆಂದೂ, ಆ ಕ್ಲೋರಿನ್ನು ಓಝೋನನ್ನು ಮುರಿದು ತಾನು ಮಾತ್ರ ಅಳಿಯದೆ ಮತ್ತೆ ಅದೇ ಕಾರ್ಯಕ್ಕೆ ತೊಡಗುವುದೆಂದೂ ತೋರಿಸಿದರು. ಒಂದು ಕ್ಲೋರಿನ್ ಪರಮಾಣುವು ಸುಮಾರು ಒಂದು ಲಕ್ಷ ಓಝೋನ್ ಅಣುಗಳನ್ನು ಕೆಡಿಸಬಲ್ಲದೆಂಬ ಅಂದಾಜಿದೆ. ಈ ಸಂಶೋಧನೆಗಾಗಿ ಅವರಿಬ್ಬರಿಗೂ, ಇದಕ್ಕೆ ಮುನ್ನವೇ ಸಾರಜನಕದ ಆಕ್ಸೈಡುಗಳ ಪಾತ್ರವನ್ನು ತಿಳಿಸಿದ್ದ ಪಾಲ್ ಕ್ರುಟ್ಸೆನ್ನರಿಗೂ ೧೯೯೫ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆದರೆ ೧೯೭೪ರಲ್ಲಿ ಅದು ಕೇವಲ ಒಂದು ಸಿದ್ಧಾಂತವಾಗಿದ್ದಿತು. ಉದ್ಯಮಪತಿಗಳು ಅದನ್ನು ಊಹೆಯೆಂದು ತಳ್ಳಿಹಾಕಿದರು. ಅಮೆರಿಕ ಮತ್ತು ಕೆಲವು ದೇಶಗಳು ೧೯೭೦ರ ದಶಕದ ಕೊನೆಗೆ ಚಿಮುಕಿಸುವ ಡಬ್ಬಿಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿದುವಾದರೂ ಉಳಿದ ಉಪಯೋಗಗಳು ಬೆಳೆಯುತ್ತಲೇ ಹೋದವು.

೩

೧೯೮೫ರ ಮಾರ್ಚಿಯಲ್ಲಿ ವಿಯೆನ್ನಾ ನಗರದಲ್ಲಿ ಒಂದು ಸಮಾವೇಶವು ನಡೆದು ಓಝೋನ್ ರಕ್ಷಣೆಯ ಮೂಲ ಒಡಂಬಡಿಕೆಯು ಸಿದ್ಧವಾಯಿತು. ಸಂಶೋಧನೆಯಲ್ಲಿ ಸಹಕರಿಸತಕ್ಕದ್ದು, ಮಾಹಿತಿಯನ್ನು ಹಂಚಿಕೊಳ್ಳತಕ್ಕದ್ದು ಎಂಬುದಕ್ಕಿಂತ ಹೆಚ್ಚಿನ ಕಟ್ಟುಪಾಡೇನೂ ಅದರಲ್ಲಿರಲಿಲ್ಲ. ಎರಡು ತಿಂಗಳು ಕಳೆಯುವುದರಲ್ಲಿಯೇ, ಮೇ ತಿಂಗಳಲ್ಲಿ, ಬ್ರಿಟಿಷ್ ವಿಜ್ಞಾನಿಗಳಾದ ಫಾರ್ಮನ್, ಗಾರ್ಡಿನರ್ ಮತ್ತು ಶಾಂಕ್ಲಿನ್ ಎಂಬವರು ದಕ್ಷಿಣಧ್ರುವ ಖಂಡದ ಹ್ಯಾಲಿ ಬೇ ನೆಲೆಯಲ್ಲಿ ಕಂಡುದನ್ನು ಪ್ರಕಟಿಸಿದರು. ೧೯೫೦ರ ದಶಕದಿಂದ ಆ ನೆಲೆಯಲ್ಲಿ ಡಾಬ್ಸನ್ ಉಪಕರಣದಿಂದ ವರ್ಷ ವರ್ಷವೂ ಅಳತೆ ನಡೆದಿತ್ತು. ಅದರ ಪ್ರಯೋಜನವೇನೆಂದು ಕೇಳುವವರೂ ಇದ್ದಿರಬಹುದು. ಪ್ರತಿ ಅಕ್ಟೋಬರದಲ್ಲಿ ಅಲ್ಲಿಯ ಓಝೋನು ಹಿಂದಿನ ಪ್ರಮಾಣದ ಮೂರನೆಯ ಒಂದು ಭಾಗಕ್ಕೂ ಮಿಕ್ಕು ಕುಸಿದಿದೆ ಎಂಬುದು ಆ ಅಳತೆಯಿಂದಲೇ ತಿಳಿಯಿತು. ಯಾವ ಸಿದ್ಧಾಂತಿಯೂ ಇಷ್ಟು ದೊಡ್ಡ ಕುಸಿತವನ್ನು ಮುನ್ಸೂಚಿಸಿರಲಿಲ್ಲ.

ಮಾಂಟ್ರಿಯಲ್ ನಗರದಲ್ಲಿ ೧೯೮೭ರ ಸೆಪ್ಟೆಂಬರ ೧೬ರಂದು ಇಪ್ಪತ್ತಕ್ಕೂ ಮೀರಿದ ರಾಷ್ಟ್ರಗಳು ಸಹಿ ಹಾಕಿದಾಗ ಧ್ರುವದ ಕುಸಿತಕ್ಕೆ ಕ್ಲೋರಿನ್ನೇ ಕಾರಣವೆಂಬುದು ಇನ್ನೂ ಪೂರ್ಣವಾಗಿ ಸಿದ್ಧವಾಗಿರಲಿಲ್ಲ. ಅದನ್ನು ನಿರ್ಣಯಿಸುವ ವಿಮಾನಯಾತ್ರೆಗಳು ಅದೇ ತಿಂಗಳುಗಳಲ್ಲಿ ನಡೆಯುತ್ತಿದ್ದವು. ಪೂರ್ಣ ಸಾಕ್ಷ್ಯಕ್ಕೆ ಕಾಯದೆ ಮುಂದೆ ಹೆಜ್ಜೆಯಿಡಲು ರಾಷ್ಟ್ರಗಳು ಒಪ್ಪಿದುದು ಅಂತರರಾಷ್ಟ್ರೀಯ ನ್ಯಾಯದ ಇತಿಹಾಸದಲ್ಲಿ ಗಮನಾರ್ಹ ಸಂಗತಿ. ಅದಕ್ಕೆ ಶ್ರಮಿಸಿದವರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದ ಈಜಿಪ್ಟಿನ ವಿಜ್ಞಾನಿ ಮುಸ್ತಫಾ ಟೋಲ್ಬಾ ಅವರೂ, ಅಮೆರಿಕದ ನಿಯೋಗದ ನಾಯಕ ರಿಚರ್ಡ್ ಬೆನೆಡಿಕ್ಕರೂ ಮುಖ್ಯರು.

ಒಡಂಬಡಿಕೆಯ ವಿಧಿಗಳಲ್ಲಿ ನಾಲ್ಕು ವಿಶೇಷವಾಗಿ ವಿಚಾರಾರ್ಹವಾದವು. ಮೊದಲನೆಯದಾಗಿ, ಐದು ಬಗೆಯ ಕ್ಲೋರೋಫ್ಲೂರೋಕಾರ್ಬನ್ನುಗಳ ಬಳಕೆಯನ್ನು ೧೯೯೯ರ ವೇಳೆಗೆ ಅರ್ಧಕ್ಕಿಳಿಸಬೇಕೆಂದು ಗೊತ್ತುಪಡಿಸಲಾಯಿತು. ಬಳಕೆಯೆಂದರೆ ಉತ್ಪಾದನೆಗೆ ಆಮದನ್ನು ಕೂಡಿಸಿ ರಫ್ತನ್ನು ಕಳೆದದ್ದು. ಲಕ್ಷಾಂತರ ಮನೆಗಳ ರೆಫ್ರಿಜರೇಟರುಗಳನ್ನು ಎಣಿಸುವುದಕ್ಕಿಂತ ಬೆರಳೆಣಿಕೆಯ ಕಾರ್ಖಾನೆಗಳನ್ನೂ ಬಂದರುಗಳನ್ನೂ ಕಾಯುವುದು ಸುಲಭವೆಂಬ ವ್ಯವಹಾರಜ್ಞಾನ ಇದರಲ್ಲಿದೆ. ಎರಡನೆಯದಾಗಿ, ಒಡಂಬಡಿಕೆಗೆ ಸೇರದ ರಾಷ್ಟ್ರಗಳೊಡನೆ ಈ ವಸ್ತುಗಳ ವ್ಯಾಪಾರವನ್ನು ನಿರ್ಬಂಧಿಸಲಾಯಿತು. ಇದರಿಂದ ಹೊರಗುಳಿದು ಲಾಭ ಪಡೆಯುವ ಆಸೆಗೆ ಅವಕಾಶವು ಕಡಿಮೆಯಾಯಿತು. ಮೂರನೆಯದಾಗಿ, ತಲೆಗೆ ವರ್ಷಕ್ಕೆ ೦.೩ ಕಿಲೋಗ್ರಾಮಿಗಿಂತ ಕಡಿಮೆ ಬಳಸುವ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಹತ್ತು ವರ್ಷಗಳ ಹೆಚ್ಚಿನ ಗಡುವು ದೊರೆಯಿತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ವಿಜ್ಞಾನಿಗಳೂ ತಂತ್ರಜ್ಞರೂ ಉಳ್ಳ ಮಂಡಲಿಗಳು ಕನಿಷ್ಠ ನಾಲ್ಕು ವರ್ಷಗಳಿಗೊಮ್ಮೆ ಸ್ಥಿತಿಯನ್ನು ಪರಾಮರ್ಶಿಸಿ ವರದಿ ನೀಡಬೇಕು. ಅದರ ಆಧಾರದಿಂದ ಈಗಾಗಲೇ ಪಟ್ಟಿಯಲ್ಲಿರುವ ವಸ್ತುಗಳ ಗಡುವನ್ನು ಸದಸ್ಯರು ಸಭೆಯಲ್ಲಿಯೇ ಬಿಗಿಗೊಳಿಸಬಹುದು. ಒಮ್ಮತವು ಸಾಧ್ಯವಾಗದಿದ್ದರೆ ಮೂರನೆಯ ಎರಡು ಬಹುಮತ ಸಾಕು, ಆ ನಿರ್ಣಯವು ವಿರೋಧಿಸಿದವರನ್ನೂ ಕಟ್ಟುತ್ತದೆ. ಸಾರ್ವಭೌಮ ರಾಷ್ಟ್ರಗಳು ಇಂತಹ ಷರತ್ತಿಗೆ ತಲೆಬಾಗುವುದು ಅಪರೂಪ.

೪

ಒಡಂಬಡಿಕೆಯು ೧೯೮೯ರ ಜನವರಿ ೧ರಂದು ಜಾರಿಗೆ ಬಂದಿತು. ಆದರೆ ಭಾರತವೂ ಚೀನವೂ ಹೊರಗಿದ್ದವು. ಈ ಎರಡು ದೇಶಗಳು ಮುಂದೆ ತಮ್ಮ ಕೋಟ್ಯಂತರ ಮನೆಗಳಿಗೆ ಹಳೆಯ ಅನಿಲದ ರೆಫ್ರಿಜರೇಟರುಗಳನ್ನೇ ಒದಗಿಸಿದಲ್ಲಿ ಶ್ರೀಮಂತ ರಾಷ್ಟ್ರಗಳ ತ್ಯಾಗವೆಲ್ಲ ವ್ಯರ್ಥವಾಗುತ್ತಿತ್ತು. ಭಾರತದ ವಾದವು ನೇರವಾಗಿದ್ದಿತು. ಆಕಾಶಕ್ಕೆ ಸೇರಿದ ಕ್ಲೋರಿನ್ನಿನ ಬಹುಪಾಲು ಕೈಗಾರಿಕಾ ರಾಷ್ಟ್ರಗಳದು. ಬದಲಿ ವಸ್ತುಗಳನ್ನು ಕಂಡುಹಿಡಿದು ಅವುಗಳ ಹಕ್ಕನ್ನು ಕಾದಿರಿಸಿಕೊಂಡವರೂ ಆ ರಾಷ್ಟ್ರಗಳ ಕಂಪೆನಿಗಳೇ. ಮೊದಲು ಹಳೆಯದನ್ನು ಮಾರಿ ಹಣ ಗಳಿಸಿ, ಅದನ್ನು ನಿಷೇಧಿಸಿದ ಮೇಲೆ ಹೊಸದನ್ನು ಮಾರಿ ಹಣ ಗಳಿಸುವವರು ಇರುವಾಗ, ಎರಡು ಸಲವೂ ಬೆಲೆ ತೆರಬೇಕಾದವರು ಬಡವರೇ ಏಕೆ?

೧೯೯೦ರ ಜೂನಿನಲ್ಲಿ ಲಂಡನ್ನಿನಲ್ಲಿ ಕೂಡಿದ ಸಭೆಗೆ ಭಾರತದ ಪರವಾಗಿ ಅಂದಿನ ಪರಿಸರ ಸಚಿವೆ ಮೇನಕಾ ಗಾಂಧಿಯವರು ಹೋಗಿದ್ದರು. ಹಣದ ನೆರವೂ ತಂತ್ರಜ್ಞಾನದ ವರ್ಗಾವಣೆಯೂ ದಾನವಾಗಿ ಬರದೆ ಒಡಂಬಡಿಕೆಯ ಅಂಗವಾಗಿಯೇ ಬರಬೇಕೆಂಬುದು ಅವರ ಪಟ್ಟು. ಪ್ರತ್ಯೇಕ ನಿಧಿಯನ್ನು ಮೊದಲು ವಿರೋಧಿಸಿದ್ದ ಅಮೆರಿಕದ ಸರಕಾರವು ಸಭೆಗೆ ಕೆಲವು ದಿನಗಳ ಮುಂಚೆ ನಿಲುವನ್ನು ಬದಲಿಸಿತು. ಮೊದಲ ಮೂರು ವರ್ಷಗಳಿಗೆ ೧೬ ಕೋಟಿ ಡಾಲರುಗಳ ನಿಧಿಯೊಂದು ಏರ್ಪಟ್ಟಿತು. ಭಾರತ ಮತ್ತು ಚೀನ ಸೇರಿದಲ್ಲಿ ಅದನ್ನು ೨೪ ಕೋಟಿಗೆ ಏರಿಸುವುದೆಂದು ನಿಶ್ಚಯವಾಯಿತು. ಅಭಿವೃದ್ಧಿಶೀಲ ರಾಷ್ಟ್ರಗಳು ತಮ್ಮ ಕಟ್ಟುಪಾಡನ್ನು ನೆರವೇರಿಸುವ ಸಾಮರ್ಥ್ಯವು ಈ ನೆರವಿನ ಸಫಲತೆಯನ್ನು ಅವಲಂಬಿಸಿರುವುದೆಂಬ ಮಾತೂ ವಿಧಿಯೊಳಗೆ ಸೇರಿತು. ನಿಧಿಯ ಕಾರ್ಯಕಾರಿ ಸಮಿತಿಯಲ್ಲಿ ೧೪ ಸ್ಥಾನಗಳು, ಏಳು ಕೊಡುವವರಿಗೆ, ಏಳು ಪಡೆಯುವವರಿಗೆ. ಮತಕ್ಕೆ ಹಾಕಿದಲ್ಲಿ ಎರಡು ಪಂಗಡಗಳಲ್ಲಿಯೂ ಬಹುಮತ ದೊರೆಯಬೇಕು. ಹಣ ಕೊಟ್ಟವನ ಮಾತೇ ಕೊನೆಯ ಮಾತೆಂಬ ಪದ್ಧತಿಗೆ ಇದು ಅಪವಾದ. ಚೀನವು ೧೯೯೧ರಲ್ಲಿಯೂ ಭಾರತವು ೧೯೯೨ರಲ್ಲಿಯೂ ಸೇರಿದವು.

ಇದರ ಫಲವು ದೆಹಲಿಯ ಕಡತಗಳಲ್ಲಿ ಮಾತ್ರ ಉಳಿಯಲಿಲ್ಲ. ಭಾರತದ ಕಾರ್ಖಾನೆಗಳಲ್ಲಿ ಕ್ಲೋರೋಫ್ಲೂರೋಕಾರ್ಬನ್ ಉತ್ಪಾದನೆಯನ್ನು ಹಂತಹಂತವಾಗಿ ನಿಲ್ಲಿಸಲು ೧೯೯೯ರಲ್ಲಿ ನಿಧಿಯು ೮ ಕೋಟಿ ೨೦ ಲಕ್ಷ ಡಾಲರುಗಳನ್ನು ಒಪ್ಪಿತು. ನಗರಗಳ ಗಲ್ಲಿಗಳಲ್ಲಿ ರೆಫ್ರಿಜರೇಟರು ರಿಪೇರಿ ಮಾಡುವ ಮೆಕ್ಯಾನಿಕ್ಕುಗಳಿಗೆ ತರಬೇತಿ ನೀಡಲಾಯಿತು. ಹಳೆಯ ಅನಿಲವನ್ನು ಗಾಳಿಗೆ ಬಿಟ್ಟು ಹೊಸದನ್ನು ತುಂಬುವ ರೂಢಿಯ ಬದಲು ಅದನ್ನು ಸಿಲಿಂಡರಿಗೆ ಹಿಡಿದು ಮರುಬಳಸುವ ಕ್ರಮವನ್ನು ಅವರು ಕಲಿತರು. ೨೦೧೦ರ ಗಡುವಿಗೆ ೧೭ ತಿಂಗಳು ಮುಂಚೆಯೇ, ೨೦೦೮ರ ಆಗಸ್ಟ್ ೧ರಿಂದ, ಉಬ್ಬಸದ ರೋಗಿಗಳ ಇನ್‌ಹೇಲರುಗಳ ಹೊರತು ಉಳಿದೆಲ್ಲ ಉಪಯೋಗಗಳನ್ನು ಭಾರತವು ನಿಲ್ಲಿಸಿತು.

ಇತ್ತ ಒಡಂಬಡಿಕೆಯು ತನ್ನನ್ನು ತಾನು ತಿದ್ದಿಕೊಳ್ಳುತ್ತಲೇ ಇದ್ದಿತು. ಅರ್ಧಕ್ಕಿಳಿಸುವ ಗುರಿಯು ಲಂಡನ್ನಿನಲ್ಲಿ ೨೦೦೦ದೊಳಗೆ ಸಂಪೂರ್ಣ ನಿಲುಗಡೆಯೆಂದಾಯಿತು. ೧೯೯೨ರ ಕೋಪನ್‌ಹೇಗನ್ ಸಭೆಯಲ್ಲಿ ಶ್ರೀಮಂತ ರಾಷ್ಟ್ರಗಳ ಮಟ್ಟಿಗೆ ಅದು ೧೯೯೬ಕ್ಕೆ ಹಿಂದೆ ಸರಿಯಿತು. ರಷ್ಯ ಮೊದಲಾದ ದೇಶಗಳು ೧೯೯೫ರಲ್ಲಿ ತಮ್ಮಿಂದ ಗಡುವನ್ನು ಪಾಲಿಸಲಾಗದೆಂದು ತಿಳಿಸಿದಾಗ, ಶಿಕ್ಷೆಗಿಂತ ಮೊದಲು ಕಾರಣವನ್ನು ವಿಚಾರಿಸಿ, ಕಾಲಪಟ್ಟಿಯನ್ನು ಗೊತ್ತುಮಾಡಿ, ಹಣದ ನೆರವಿನಿಂದ ಅವುಗಳನ್ನು ದಾರಿಗೆ ತರಲಾಯಿತು. ೨೦೦೯ರಲ್ಲಿ ವಿಶ್ವದ ಸಮಸ್ತ ರಾಷ್ಟ್ರಗಳ ಒಪ್ಪಿಗೆಯನ್ನು ಪಡೆದು, ವಿಶ್ವಸಂಸ್ಥೆಯ ಒಡಂಬಡಿಕೆಗಳಲ್ಲಿ ಆ ಗೌರವಕ್ಕೆ ಪಾತ್ರವಾದ ಮೊದಲನೆಯದೆನಿಸಿತು.

೫

ಈ ಯಶಸ್ಸನ್ನು ಕುರಿತು ಒಂದು ಆಕ್ಷೇಪವಿದೆ. ದೊಡ್ಡ ಕಂಪೆನಿಗಳಿಗೆ ಬದಲಿ ವಸ್ತುಗಳಿಂದ ಲಾಭವಿದ್ದಿತು. ಆದುದರಿಂದಲೇ ಒಡಂಬಡಿಕೆಯು ನಡೆಯಿತು. ಇದರಲ್ಲಿ ಸಹಕಾರದ ಮಹಿಮೆಯೇನೂ ಇಲ್ಲ ಎಂಬುದು ಆ ಆಕ್ಷೇಪ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕಾಲಾನುಕ್ರಮವನ್ನು ನೋಡಿದರೆ ಅದು ಪೂರ್ಣ ಸತ್ಯವಲ್ಲವೆಂದು ಕಂಡುಬರುತ್ತದೆ. ಈ ಅನಿಲಗಳ ಅತಿ ದೊಡ್ಡ ಉತ್ಪಾದಕರಾದ ಡ್ಯೂಪಾಂಟ್ ಕಂಪೆನಿಯವರು ಉತ್ಪಾದನೆಯನ್ನು ಸಂಪೂರ್ಣವಾಗಿ ನಿಲ್ಲಿಸುವುದಾಗಿ ಸಾರಿದುದು ೧೯೮೮ರ ಮಾರ್ಚಿಯಲ್ಲಿ, ಎಂದರೆ ಸಹಿಗಳು ಬಿದ್ದ ಆರು ತಿಂಗಳ ಮೇಲೆ, ವಿಜ್ಞಾನಿಗಳ ಹೊಸ ವರದಿಯು ಬಂದ ಬಳಿಕ. ಕಟ್ಟಳೆ ಬರುವುದೆಂಬುದು ಖಚಿತವಾಗದೆ ದುಬಾರಿಯಾದ ಬದಲಿ ವಸ್ತುವಿಗೆ ಮಾರುಕಟ್ಟೆಯೇ ಇರುವುದಿಲ್ಲ. ಸ್ವಾರ್ಥವನ್ನು ಸಾರ್ವಜನಿಕ ಹಿತದ ಕಡೆಗೆ ತಿರುಗಿಸುವುದೇ ಒಳ್ಳೆಯ ಕಟ್ಟಳೆಯ ಲಕ್ಷಣವೆಂದ ಮೇಲೆ, ಸ್ವಾರ್ಥವಿದ್ದಿತೆಂಬುದು ದೂಷಣೆಯಾಗಲಾರದು.

ಇನ್ನೊಂದು ಆಕ್ಷೇಪವು ಹೆಚ್ಚು ಗಂಭೀರವಾದುದು. ಕದ್ದು ತೂಬೆತ್ತುವವನನ್ನು ಹಿಡಿಯುವವರು ಯಾರು? ಇದಕ್ಕೆ ಪರೀಕ್ಷೆಯು ೨೦೧೮ರಲ್ಲಿ ಒದಗಿತು. ಹವಾಯಿ ದ್ವೀಪದ ಮೌನಾ ಲೋವಾ ಮೊದಲಾದ ನೆಲೆಗಳ ಅಳತೆಗಳನ್ನು ಪರಿಶೀಲಿಸುತ್ತಿದ್ದ ಅಮೆರಿಕದ ಸ್ಟೀಫನ್ ಮಾಂಟ್ಸ್‌ಕಾ ಮತ್ತು ಸಂಗಡಿಗರು, ೨೦೧೦ರಲ್ಲಿಯೇ ನಿಂತಿರಬೇಕಾಗಿದ್ದ ಒಂದು ಅನಿಲದ ಇಳಿಕೆಯು ೨೦೧೨ರಿಂದೀಚೆಗೆ ನಿಧಾನವಾಗಿರುವುದನ್ನು ಗುರುತಿಸಿ, ಪೂರ್ವ ಏಷ್ಯದಲ್ಲಿ ಯಾರೋ ಅದನ್ನು ಹೊಸದಾಗಿ ತಯಾರಿಸುತ್ತಿರಬೇಕೆಂದು ಪ್ರಕಟಿಸಿದರು. ಕೆಲವೇ ವಾರಗಳಲ್ಲಿ ಲಂಡನ್ನಿನ ಸ್ವಯಂಸೇವಾ ಸಂಸ್ಥೆಯಾದ ಪರಿಸರ ತನಿಖಾ ಏಜೆನ್ಸಿಯು, ಚೀನದ ಹಲವು ಕಾರ್ಖಾನೆಗಳು ನೊರೆಯ ಹಲಗೆಗಳ ತಯಾರಿಕೆಯಲ್ಲಿ ಇದನ್ನು ಬಳಸುತ್ತಿರುವ ಸಂಗತಿಯನ್ನು ಬಯಲಿಗೆ ತಂದಿತು. ದಕ್ಷಿಣ ಕೊರಿಯ ಮತ್ತು ಜಪಾನುಗಳ ದ್ವೀಪಗಳಲ್ಲಿದ್ದ ನೆಲೆಗಳ ಅಳತೆಯಿಂದ, ಹೆಚ್ಚಳದ ದೊಡ್ಡ ಪಾಲು ಶಾಂಡೊಂಗ್ ಮತ್ತು ಹೆಬೈ ಪ್ರಾಂತಗಳ ಕಡೆಯಿಂದ ಬರುತ್ತಿದೆಯೆಂಬುದು ೨೦೧೯ರಲ್ಲಿ ತಿಳಿಯಿತು. ಚೀನ ಸರಕಾರವು ತನಿಖೆ ನಡೆಸಿ ಕ್ರಮ ಕೈಗೊಂಡಿತು. ಹೊರಸೂಸುವಿಕೆಯು ಮತ್ತೆ ಇಳಿದಿರುವುದು ೨೦೨೧ರಲ್ಲಿ ಪ್ರಕಟವಾದ ಅಳತೆಗಳಿಂದ ದೃಢವಾಯಿತು.

ಈ ಪ್ರಸಂಗದಲ್ಲಿ ನೀರುಗಂಟಿಯ ಕೆಲಸವನ್ನು ಮಾಡಿದವರು ವಿಜ್ಞಾನಿಗಳು, ಸ್ವಯಂಸೇವಕರು ಮತ್ತು ವೃತ್ತಪತ್ರಿಕೆಗಳವರು. ಸರಕಾರಗಳು ತಾವೇ ಸಲ್ಲಿಸಿದ ಅಂಕಿಸಂಖ್ಯೆಗಳನ್ನು ಮಾತ್ರ ನಂಬಿದ್ದರೆ ಈ ಕಳ್ಳತನವು ಕಾಣುತ್ತಿರಲಿಲ್ಲ. ಹಾಗೆಂದು ಈ ಕಾವಲು ಪರಿಪೂರ್ಣವೂ ಅಲ್ಲ. ಅಳೆಯುವ ನೆಲೆಗಳು ಭೂಮಿಯ ಎಲ್ಲ ಭಾಗಗಳನ್ನೂ ಸಮವಾಗಿ ಕಾಯುತ್ತಿಲ್ಲ. ಕೊರಿಯದ ಬಳಿ ಒಂದು ನೆಲೆ ಇದ್ದುದು ಅದೃಷ್ಟವೇ ಸರಿ.

೬

ವಿಶ್ವಸಂಸ್ಥೆಯ ಆಶ್ರಯದ ವಿಜ್ಞಾನಿಗಳು ೨೦೨೩ರ ಜನವರಿಯಲ್ಲಿ ಹೊರಗೆಡಹಿದ ವರದಿಯ ಪ್ರಕಾರ, ಈಗಿನ ಕಟ್ಟುಪಾಡುಗಳು ಪಾಲಿತವಾದಲ್ಲಿ ಓಝೋನ್ ಪದರವು ೧೯೮೦ರ ಪ್ರಮಾಣಕ್ಕೆ ದಕ್ಷಿಣಧ್ರುವದ ಮೇಲೆ ೨೦೬೬ರ ಸುಮಾರಿಗೂ, ಉತ್ತರಧ್ರುವದ ಮೇಲೆ ೨೦೪೫ರ ಸುಮಾರಿಗೂ, ಉಳಿದೆಡೆ ೨೦೪೦ರ ಸುಮಾರಿಗೂ ಮರಳುವ ನಿರೀಕ್ಷೆಯಿದೆ. ಮೂವತ್ತು ವರ್ಷಗಳಲ್ಲಿ ಮಾಡಿದ ಗಾಯವು ಮಾಯಲು ಅದಕ್ಕಿಂತ ಹೆಚ್ಚು ಕಾಲ ಬೇಕು; ಆದರೆ ಮಾಯುತ್ತಿದೆ.

ಬದಲಿಯಾಗಿ ಬಂದ ಹೈಡ್ರೋಫ್ಲೂರೋಕಾರ್ಬನ್ನುಗಳು ಓಝೋನಿಗೆ ಕೇಡು ಮಾಡದಿದ್ದರೂ, ಅವುಗಳಲ್ಲಿ ಹಲವು ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಶಾಖವನ್ನು ಹಿಡಿದಿಡುತ್ತವೆ. ಒಂದು ಮದ್ದು ಮತ್ತೊಂದು ರೋಗವನ್ನು ತಂದಿತೆಂಬುದು ತಿಳಿದ ಮೇಲೆ ೨೦೧೬ರಲ್ಲಿ ರ‍್ವಾಂಡದ ಕಿಗಾಲಿ ನಗರದಲ್ಲಿ ಒಡಂಬಡಿಕೆಯು ಮತ್ತೊಮ್ಮೆ ತಿದ್ದುಪಡಿಯನ್ನು ಹೊಂದಿತು. ೨೦೨೧ರಲ್ಲಿ ಇದನ್ನು ಸ್ಥಿರಪಡಿಸಿದ ಭಾರತವು ೨೦೨೮ರಿಂದ ಬಳಕೆಯ ಏರಿಕೆಯನ್ನು ತಡೆದು, ೨೦೪೭ರ ವೇಳೆಗೆ ಶೇಕಡ ೮೫ರಷ್ಟನ್ನು ಕಡಿಮೆ ಮಾಡಬೇಕಾಗಿದೆ. ಬೇಸಿಗೆಯ ತಾಪವು ಏರುತ್ತಿರುವ ಮತ್ತು ಬಹುಜನರಿಗೆ ತಂಪಿನ ಸೌಕರ್ಯವು ಇನ್ನೂ ದೊರೆಯದ ದೇಶದಲ್ಲಿ ಇದು ಸಣ್ಣ ಹೊಣೆಯಲ್ಲ. ಲಂಡನ್ನಿನಲ್ಲಿ ಎತ್ತಿದ ಹಣದ ಮತ್ತು ತಂತ್ರಜ್ಞಾನದ ಪ್ರಶ್ನೆಯು ಇಲ್ಲಿ ಮತ್ತೆ ಎದುರಾಗುತ್ತದೆ.

ಹವಾಮಾನದ ದೊಡ್ಡ ಸಮಸ್ಯೆಗೂ ಇದೇ ಮಾದರಿಯು ಸಲ್ಲುವುದೇ ಎಂಬ ಪ್ರಶ್ನೆ ಸಹಜ. ಎರಡಕ್ಕೂ ಅಂತರವಿದೆ. ಒಂದು ವರ್ಗದ ಅನಿಲವನ್ನು ಕೆಲವೇ ಕಾರ್ಖಾನೆಗಳು ತಯಾರಿಸುತ್ತಿದ್ದವು. ಕಲ್ಲಿದ್ದಲು ಮತ್ತು ಎಣ್ಣೆಯನ್ನಾದರೋ ಜಗತ್ತಿನ ಸಕಲ ವ್ಯವಹಾರಗಳೂ ಉರಿಸುತ್ತಿವೆ. ೨೦೧೫ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿಯೊಂದು ರಾಷ್ಟ್ರವೂ ತನ್ನ ಗುರಿಯನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ. ಅಮೆರಿಕವು ೨೦೨೦ರಲ್ಲಿ ಅದರಿಂದ ಹೊರಬಂದು, ೨೦೨೧ರಲ್ಲಿ ಮರಳಿ ಸೇರಿ, ೨೦೨೫ರಲ್ಲಿ ಮತ್ತೆ ಹೊರಗುಳಿಯುವುದಾಗಿ ಸಾರಿತು. ಐದು ವರ್ಷಗಳಿಗೊಮ್ಮೆ ಗುರಿಯನ್ನು ಏರಿಸಬೇಕೆಂಬ ವಿಧಿ ಅದರಲ್ಲಿಯೂ ಇದೆ. ಆದರೆ ತಿದ್ದಿಕೊಳ್ಳುವ ಹಾದಿಯೊಡನೆ ಹೊರೆಯನ್ನು ಹಂಚುವ ನ್ಯಾಯವೂ ಕೂಡಿಬರದಿದ್ದರೆ ಆ ಹಾದಿಯಲ್ಲಿ ನಡೆಯುವವರು ವಿರಳವಾಗುವರೆಂಬುದನ್ನು ಓಝೋನಿನ ಇತಿಹಾಸವೇ ತೋರಿಸಿಕೊಟ್ಟಿದೆ.

ಅರಸನಿಲ್ಲದ ಕಡೆ ಮಾತ್ಸ್ಯನ್ಯಾಯವೆಂಬ ಕೌಟಿಲ್ಯನ ಎಚ್ಚರಿಕೆಯನ್ನು ಈ ಒಡಂಬಡಿಕೆಯು ಅಲ್ಲಗಳೆಯಲಿಲ್ಲ; ಬಲಿಷ್ಠರ ಲಾಭವೂ ದುರ್ಬಲರ ಶಂಕೆಯೂ ಅದರ ಪ್ರತಿಯೊಂದು ಸಭೆಯಲ್ಲಿಯೂ ಇದ್ದವು. ಆದರೂ ಅರಸನನ್ನು ನೇಮಿಸದೆಯೇ ಒಂದು ಕಟ್ಟಳೆಯನ್ನು ನಡೆಸಬಹುದೆಂಬುದಕ್ಕೆ ಅದು ಪ್ರಮಾಣವಾಗಿದೆ. ಹ್ಯಾಲಿ ಬೇಯ ಚಳಿಯಲ್ಲಿ ವರ್ಷ ವರ್ಷವೂ ಅಳತೆಯನ್ನು ಬರೆದಿಟ್ಟವರು, ಲಂಡನ್ನಿನಲ್ಲಿ ಬಡ ರಾಷ್ಟ್ರಗಳ ಪಾಲನ್ನು ಕೇಳಿ ಪಡೆದವರು, ಗಲ್ಲಿಯ ಅಂಗಡಿಯಲ್ಲಿ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿದ ಮೆಕ್ಯಾನಿಕ್ಕುಗಳು, ಇವರೆಲ್ಲರ ಕೆಲಸವೂ ಕೂಡಿ ಆ ಕಟ್ಟಳೆಯು ನಿಂತಿದೆ. ಇವರಲ್ಲಿ ಯಾವ ಒಬ್ಬರು ಕೈಬಿಟ್ಟರೂ ಅದು ಸಡಿಲವಾಗುತ್ತದೆ.